34 ಹಲ್ಲಿನ ಪರವಾಗಿ

ರೋಡ್ ಬೈಕ್ ಕೊಳ್ಳಲು ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಫ್ರೇಮ್ ಕಾರ್ಬನ್ನೋ ಅಲ್ಯೂಮಿನಿಯಮ್ಮೋ? ಡಿಸ್ಕ್ ಬ್ರೇಕ್ ಬೇಕೇ ಬೇಕಾ? ಒಟ್ಟು ತೂಕ ಎಷ್ಟು? ಯಾವ ಕಂಪನಿಯದು ಬಾಳಿಕೆ ಬರುತ್ತದೆ? ಎಲ್ಲವೂ ಕೇಳಬೇಕಾದ ಪ್ರಶ್ನೆಗಳೇ. ಆದರೆ "ಇದರಲ್ಲಿ ಎಲ್ಲಕ್ಕಿಂತ ಹಗುರ ಗೇರ್ ಯಾವುದು?" ಅಂತ ಕೇಳಿದವರು ತೀರಾ ಕಮ್ಮಿ. ನನ್ನ ಮಟ್ಟಿಗೆ ಮೊದಲು ಕೇಳಬೇಕಾದದ್ದು ಅದನ್ನೇ. ಫ್ರೇಮು, ಬಣ್ಣ, ಚಕ್ರ ಎಲ್ಲ ಆಮೇಲೆ. ವರ್ಷ ಕಳೆದ ಮೇಲೆ ಆ ಸೈಕಲ್ ರಸ್ತೆ ಮೇಲಿರುತ್ತದೋ ಬಾಲ್ಕನಿಯಲ್ಲಿ ಧೂಳು ಹಿಡಿದಿರುತ್ತದೋ ಅನ್ನೋದು ಬಹಳ ಸಲ ಆ ಒಂದು ಗೇರ್ ಮೇಲೆ ನಿಂತಿರುತ್ತದೆ. ಒಳ್ಳೊಳ್ಳೆಯ ಸೈಕಲ್ಲುಗಳು ಮೂಲೆ ಸೇರಿದ್ದನ್ನು ನೋಡಿದ್ದೇನೆ. ಅವುಗಳ ಮಾಲೀಕರು ಸೋಮಾರಿಗಳೇನಲ್ಲ. ಮೊದಲನೇ ದೊಡ್ಡ ಏರಿನಲ್ಲೇ ಅವರಿಗೆ "ಇದು ನನ್ನ ಕೈಲಾಗೋದಲ್ಲ" ಅನ್ನಿಸಿಬಿಟ್ಟಿತ್ತು, ಅಷ್ಟೇ.

ಹೊಸಬರಿಗಾಗಿ ಎರಡು ಮಾತು. ರೋಡ್ ಬೈಕಿನ ಪೆಡಲ್ ಹತ್ತಿರ ಸಾಮಾನ್ಯವಾಗಿ ಎರಡು ಚೈನ್‌ರಿಂಗ್ ಇರುತ್ತವೆ. ಈಗ ಹೆಚ್ಚಾಗಿ ಸಿಗುವ ಕಾಂಪ್ಯಾಕ್ಟ್ ಕ್ರ್ಯಾಂಕ್‌ನಲ್ಲಿ ದೊಡ್ಡದಕ್ಕೆ 50 ಹಲ್ಲು, ಚಿಕ್ಕದಕ್ಕೆ 34. ಹಿಂದಿನ ಚಕ್ರದಲ್ಲಿ ಕ್ಯಾಸೆಟ್, ಅಂದರೆ ಒಂದರ ಪಕ್ಕ ಒಂದು ಕೂತ ಹಲ್ಲಿನ ಚಕ್ರಗಳ ಸಾಲು. 11-28 ಅಂದರೆ ಚಿಕ್ಕದು 11 ಹಲ್ಲು, ದೊಡ್ಡದು 28. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿದರೆ, ಪೆಡಲ್ ಒಂದು ಸುತ್ತು ತಿರುಗಿದಾಗ ಹಿಂದಿನ ಚಕ್ರ ಎಷ್ಟು ಸುತ್ತು ತಿರುಗುತ್ತದೆ ಅನ್ನೋದು ಸಿಗುತ್ತದೆ. 700×25 ಟೈರಿನ ಸುತ್ತಳತೆ ಸುಮಾರು 2.1 ಮೀಟರ್. ಹಾಗಾಗಿ 34-28 ಗೇರ್‌ನಲ್ಲಿ, ಅಂದರೆ ಮುಂದೆ 34 ಹಿಂದೆ 28 ಇರುವಾಗ, ಒಂದು ತುಳಿತಕ್ಕೆ 2.55 ಮೀಟರ್ ಮುಂದೆ ಹೋಗುತ್ತೀರಿ. 34-34ರಲ್ಲಿ 2.1 ಮೀಟರ್. ಸುಮಾರು ಒಂದೂವರೆ ಅಡಿಯ ಈ ವ್ಯತ್ಯಾಸ ಕಾಗದದ ಮೇಲೆ ಚಿಕ್ಕದಾಗಿ ಕಾಣುತ್ತದೆ. ಬೆಟ್ಟದ ಮೇಲೆ ಚಿಕ್ಕದಲ್ಲ.

ನಂದಿಬೆಟ್ಟವನ್ನೇ ತಗೊಳ್ಳಿ. ಬೆಂಗಳೂರಿನ ಸೈಕಲ್‌ನವರು ಶಕ್ತಿ ಅಳೆದುಕೊಳ್ಳೋದು ಅಲ್ಲೇ. ಹೆಬ್ಬಾಳ, ಯಲಹಂಕ, ದೇವನಹಳ್ಳಿ ದಾಟಿ, ಕತ್ತಲಿರುವಾಗಲೇ ಹೊರಟು, ಬಿಸಿಲೇರುವ ಮೊದಲು ಬುಡ ಸೇರುವ ರೂಢಿ. ಬೆಟ್ಟದ ತುದಿ ಸಮುದ್ರಮಟ್ಟದಿಂದ 1478 ಮೀಟರ್. ಘಾಟಿ ರಸ್ತೆ ಸುಮಾರು 8 ಕಿ.ಮೀ. ಸರಾಸರಿ ಏರು ನೂರಕ್ಕೆ ಐದಾರು ಅಷ್ಟೇ. ಆದರೆ ಸರಾಸರಿಯನ್ನು ಯಾರೂ ಹತ್ತೋದಿಲ್ಲ ಅಲ್ವಾ. ಮೇಲಿನ ಕೆಲವು ತಿರುವುಗಳಲ್ಲಿ ಏರು ಹತ್ತರ ಆಸುಪಾಸಿಗೆ ಬರುತ್ತದೆ, ಅದೂ ಅಷ್ಟು ಹೊತ್ತು ತುಳಿದು ಕಾಲು ಸೋತ ಮೇಲೆ.

ಆ ಹತ್ತು ಪರ್ಸೆಂಟ್ ಏರಿನಲ್ಲಿ ಏನಾಗುತ್ತದೆ ಅಂತ ಲೆಕ್ಕ ಹಾಕಿ ನೋಡೋಣ. ಸವಾರ 72 ಕೆ.ಜಿ. ಇದ್ದಾರೆ ಅಂದುಕೊಳ್ಳಿ. ಸೈಕಲ್, ನೀರು, ಪಂಪು, ಟ್ಯೂಬು ಸೇರಿ ಇನ್ನೊಂದು 13. ಒಟ್ಟು 85. ಆಫೀಸು, ಮನೆ, ಮಕ್ಕಳು ಅಂತ ಓಡಾಡುತ್ತಾ ವಾರಕ್ಕೆರಡು ಸಲ ಸೈಕಲ್ ತುಳಿಯುವ ಒಬ್ಬರು ದೀರ್ಘ ಏರಿನಲ್ಲಿ 180 ವ್ಯಾಟ್ ಹಾಕಿದರೆ ಅದು ಒಳ್ಳೆಯ ಸಂಖ್ಯೆಯೇ. ಅಷ್ಟು ಶಕ್ತಿಗೆ ಹತ್ತು ಪರ್ಸೆಂಟ್ ಏರಿನಲ್ಲಿ ಸಿಗುವ ವೇಗ ಗಂಟೆಗೆ ಸುಮಾರು 7.4 ಕಿ.ಮೀ. ಗೇರ್ ಯಾವುದೇ ಇರಲಿ, ವೇಗ ಇದೇ. ಬೆಟ್ಟ ನಿಮ್ಮ ಗೇರ್ ನೋಡೋದಿಲ್ಲ, ತೂಕ ಮತ್ತು ಶಕ್ತಿ ಎರಡನ್ನೇ ನೋಡುತ್ತದೆ. ಗೇರ್ ಬದಲಾದರೆ ಬದಲಾಗೋದು ಕಾಲು ತಿರುಗುವ ಲಯ. 34-34ರಲ್ಲಿ ಅದೇ 7.4 ಕಿ.ಮೀ. ವೇಗಕ್ಕೆ ಪೆಡಲ್ ನಿಮಿಷಕ್ಕೆ 59 ಸುತ್ತು ತಿರುಗುತ್ತದೆ. 34-28ರಲ್ಲಿ 48. ಹಳೆಯ ರೇಸ್ ಸೈಕಲ್ಲುಗಳ 39-25ರಲ್ಲಿ 38.

38 ಸುತ್ತು ಅಂದರೆ ಏನು ಅಂತ ಕೂತಲ್ಲೇ ಗಡಿಯಾರ ನೋಡಿಕೊಂಡು ಕಾಲಾಡಿಸಿ ನೋಡಿ. ಒಂದೊಂದು ತುಳಿತವೂ ಒಂದೊಂದು ಮೆಟ್ಟಿಲು ಹತ್ತಿದಷ್ಟು ನಿಧಾನ. ಶಕ್ತಿ ಅಷ್ಟೇ ಇದ್ದು ಸುತ್ತು ಕಮ್ಮಿಯಾದರೆ ಪ್ರತಿ ತುಳಿತದಲ್ಲೂ ಒತ್ತಡ ಜಾಸ್ತಿ ಆಗಲೇಬೇಕು. 34-34ಕ್ಕೆ ಹೋಲಿಸಿದರೆ 39-25ರಲ್ಲಿ ಪ್ರತಿ ಸಲವೂ ಒಂದೂವರೆ ಪಟ್ಟಿಗಿಂತ ಜಾಸ್ತಿ ಒತ್ತಬೇಕು. ಸೀಟಿನಿಂದ ಎದ್ದು ನಿಲ್ಲಬೇಕು, ಹ್ಯಾಂಡಲ್ ಎಳೆಯಬೇಕು, ಸೈಕಲ್ ಎಡಕ್ಕೂ ಬಲಕ್ಕೂ ವಾಲಬೇಕು. ಒಂದು ತಿರುವಿಗೆ ಪರವಾಗಿಲ್ಲ. ಅರ್ಧ ಗಂಟೆ, ಮುಕ್ಕಾಲು ಗಂಟೆ ಇದೇ ನಡೆದರೆ ಮಂಡಿ ತನ್ನ ಮಾತು ಹೇಳಲು ಶುರು ಮಾಡುತ್ತದೆ. ಭಾನುವಾರ ಬೆಳಿಗ್ಗೆ ನಂದಿಯ ಮೇಲಿನ ತಿರುವುಗಳಲ್ಲಿ ಐದು ನಿಮಿಷ ನಿಂತು ಹತ್ತುವವರ ಮಂಡಿಗಳನ್ನೇ ನೋಡಿ. ಯಾರಿಗೆ ಗೇರ್ ಸಾಕಷ್ಟಿದೆ, ಯಾರಿಗೆ ಮುಗಿದುಹೋಗಿದೆ ಅಂತ ಯಾರನ್ನೂ ಕೇಳಬೇಕಾಗಿಲ್ಲ. ಗೇರ್ ಮುಗಿದವರ ಮಂಡಿ ಮೇಲಿನ ಬಿಂದುವಿನಲ್ಲಿ ಒಂದು ಕ್ಷಣ ತಡವರಿಸುತ್ತದೆ. ಆಮೇಲೆ ಇಡೀ ಮೈ ಅದರ ಮೇಲೆ ಬೀಳುತ್ತದೆ. ಬೆರಳು ಶಿಫ್ಟರ್ ಲಿವರನ್ನು ಸುಮ್ನೆ ಒತ್ತುತ್ತಲೇ ಇರುತ್ತದೆ, ಇನ್ನೊಂದು ಗೇರ್ ಎಲ್ಲಾದರೂ ಉಳಿದಿದೆಯೇನೋ ಅಂತ.

ಹಗುರ ಗೇರ್ ಅಂದರೆ ಕೈಲಾಗದವರಿಗೆ ಅನ್ನುವ ಭಾವನೆ ನಮ್ಮ ಸೈಕಲ್ ಗುಂಪುಗಳಲ್ಲಿ ಇನ್ನೂ ಇದೆ. ಹಿಂದಿನ ಚಕ್ರದಲ್ಲಿ ದೊಡ್ಡ ತಟ್ಟೆಯಂಥ ಕ್ಯಾಸೆಟ್ ಕಂಡರೆ "ಏನಪ್ಪಾ, ಎಂಟಿಬಿನಾ (ಮೌಂಟನ್ ಬೈಕಾ) ಇದು?" ಅನ್ನುವವರು ಈಗಲೂ ಸಿಗುತ್ತಾರೆ. ಈ ಭಾವನೆ ನಮ್ಮಲ್ಲಿ ಹುಟ್ಟಿದ್ದಲ್ಲ, ಬಹಳ ಹಳೆಯದು. 1903ರಲ್ಲಿ ಟೂರ್ ಡಿ ಫ್ರಾನ್ಸ್ ಶುರು ಮಾಡಿದ ಹೆನ್ರಿ ಡೆಗ್ರಾಂಜ್‌ಗೆ ಗೇರ್ ಬದಲಿಸುವ ಯಂತ್ರಗಳೆಂದರೆ ಆಗುತ್ತಿರಲಿಲ್ಲ. ಅವೆಲ್ಲ 45 ದಾಟಿದವರಿಗೆ, ಗೆಲ್ಲೋದಾದರೆ ಸ್ನಾಯುಬಲದಿಂದ ಗೆಲ್ಲಬೇಕು ಅನ್ನೋದು ಅವನ ಅಭಿಪ್ರಾಯ. ಪಿರೆನೀಸ್, ಆಲ್ಪ್ಸ್ ಪರ್ವತಗಳನ್ನು ಸವಾರರು ಬಹುಕಾಲ ಹಾಗೆಯೇ ಹತ್ತಿದರು. ಏರು ಬಂದಾಗ ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ ಹಾಕಿಕೊಂಡು, ಇನ್ನೊಂದು ಬದಿಯ ಹಲ್ಲುಚಕ್ರಕ್ಕೆ ಚೈನ್ ಏರಿಸಿ ಮುಂದೆ ಹೋಗುತ್ತಿದ್ದರು. ಅದೇ ಕಾಲದಲ್ಲಿ ಅದೇ ದೇಶದ ಸೆಂಟ್ ಎಟಿಯೆನ್‌ನಲ್ಲಿ ವೆಲೋಸಿಯೊ ಅಂತ ಹೆಸರಾದ ಪಾಲ್ ಡಿ ವಿವಿ, ಗೇರ್ ಇರುವ ಸೈಕಲ್ಲಿನಲ್ಲಿ ಬೆಟ್ಟ ಸುತ್ತುತ್ತಾ, ಅದರ ಪರವಾಗಿ ತನ್ನ ಪತ್ರಿಕೆಯಲ್ಲಿ ಬರೆಯುತ್ತಾ ಇದ್ದ. ಟೂರ್‌ನಲ್ಲಿ ಎಲ್ಲರಿಗೂ ಡಿರೇಲರ್, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಯಂತ್ರ, ಬಳಸಲು ಬಿಟ್ಟಿದ್ದು 1937ರಲ್ಲಿ. ಆ ವರ್ಷ ಗೆದ್ದ ರೋಜೆ ಲಪೇಬಿ ಡಿರೇಲರ್ ಹಾಕಿಕೊಂಡೇ ಗೆದ್ದ.

ಈಗಿನ ಕಥೆ ನೋಡಿ. ಗೇರ್ ಭಾಗಗಳನ್ನು ಮಾಡುವ ಶಿಮಾನೋ ಕಂಪನಿ 2021ರಲ್ಲಿ ತಂದ ಡ್ಯೂರಾ-ಏಸ್ 9200, ಅಂದರೆ ರೇಸಿಗೆಂದೇ ಮಾಡಿದ, ಅವರ ಅತಿ ದುಬಾರಿ ಸರಣಿ, 11-34 ಕ್ಯಾಸೆಟ್ ಜೊತೆಗೇ ಬಂತು. ದೀರ್ಘ ಏರಿನಲ್ಲಿ 400 ವ್ಯಾಟ್ ಹಾಕಬಲ್ಲ, ನಮಗಿಂತ ಹಗುರ ಮೈಯ ವೃತ್ತಿಪರರಿಗೇ ಕಂಪನಿ ಹಿಂದೆ 34 ಹಲ್ಲು ಕೊಡುತ್ತಿದೆ. 180 ವ್ಯಾಟ್‌ನ ನಾವು ಯಾರಿಗಾಗಿ 25, 28 ಇಟ್ಟುಕೊಂಡು ಒದ್ದಾಡಬೇಕು?

ಇದಕ್ಕೆ ಒಂದು ಉತ್ತರ ಯಾವಾಗಲೂ ಬರುತ್ತದೆ. "11-34 ಹಾಕಿದರೆ ಗೇರ್‌ಗಳ ಮಧ್ಯೆ ಅಂತರ ಜಾಸ್ತಿಯಾಗುತ್ತೆ, ಸಮತಟ್ಟಿನಲ್ಲಿ ಸರಿಯಾದ ಲಯ ಸಿಗಲ್ಲ." ಕೇಳಲು ಸರಿ ಅನ್ನಿಸುತ್ತದೆ. ತಳ್ಳಿಹಾಕುವ ಮಾತೂ ಅಲ್ಲ. ಹಾಗಾಗಿ ಇದನ್ನು ಬಾಯಿಮಾತಿಗೆ ಬಿಡದೆ ಹಲ್ಲು ಎಣಿಸಿಯೇ ನೋಡಬೇಕು.

ಎರಡು 11 ಸ್ಪೀಡ್, ಅಂದರೆ ಹನ್ನೊಂದು ಹಲ್ಲುಚಕ್ರಗಳ, ಕ್ಯಾಸೆಟ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹಳೆ ಪೇಪರ್ ಹಾಸಿ ಪಕ್ಕಪಕ್ಕ ಇಟ್ಟುಕೊಂಡಿದ್ದೆ. ಗ್ರೀಸ್ ಹೋದರೆ ಪ್ರತಿ ಚಕ್ರದ ಮೇಲೂ ಅದರ ಹಲ್ಲಿನ ಸಂಖ್ಯೆ ಚಿಕ್ಕದಾಗಿ ಕೆತ್ತಿರೋದು ಕಾಣುತ್ತದೆ. 11-28ರಲ್ಲಿ ಇರೋದು ಇಷ್ಟು: 11, 12, 13, 14, 15, 17, 19, 21, 23, 25, 28. 11-34ರಲ್ಲಿ: 11, 13, 15, 17, 19, 21, 23, 25, 27, 30, 34. ನಿಧಾನವಾಗಿ ಇನ್ನೊಂದು ಸಲ ಓದಿ. 15ರಿಂದ 25ರವರೆಗೆ ಎರಡೂ ಒಂದೇ! 15, 17, 19, 21, 23, 25, ಒಂದು ಹಲ್ಲಿನ ವ್ಯತ್ಯಾಸವೂ ಇಲ್ಲ. 11-34ರಲ್ಲಿ ಕಳೆದುಕೊಳ್ಳೋದು 12, 14 ಮತ್ತು 28. ಬದಲಿಗೆ ಸಿಗೋದು 27, 30 ಮತ್ತು 34.

ಕಳೆದುಕೊಂಡ ಆ 12 ಮತ್ತು 14 ಯಾವಾಗ ಬೇಕಾಗುತ್ತವೆ? ದೊಡ್ಡ ರಿಂಗ್ 50ರಲ್ಲಿ, ನಿಮಿಷಕ್ಕೆ 90 ಸುತ್ತಿನ ಲಯದಲ್ಲಿ, 15 ಹಲ್ಲಿನ ಮೇಲೆ ಚೈನ್ ಇದ್ದರೆ ವೇಗ ಗಂಟೆಗೆ 37.8 ಕಿ.ಮೀ. 14ರ ಮೇಲಿದ್ದರೆ 40.5. 12ರ ಮೇಲಿದ್ದರೆ 47. ಅಂದರೆ ಅಂತರ ಜಾಸ್ತಿಯಾಗೋದು 38 ಕಿ.ಮೀ. ವೇಗ ದಾಟಿದ ಮೇಲೆ. ಬೆಂಗಳೂರಿನಿಂದ ಹೊಸಕೋಟೆ ಕಡೆಗೋ, ಕನಕಪುರ ಕಡೆಗೋ ಹೋಗುವ ಸಾಮಾನ್ಯ ಸವಾರರು ಸಮತಟ್ಟಿನಲ್ಲಿ ಓಡಿಸೋದು 25ರಿಂದ 32ರ ಮಧ್ಯೆ. 85 ಸುತ್ತಿನ ಲಯದಲ್ಲಿ 50-21ಕ್ಕೆ 25.5, 50-19ಕ್ಕೆ 28, 50-17ಕ್ಕೆ 31.5 ಕಿ.ಮೀ. ಬರುತ್ತದೆ. ಈ ಮೂರೂ ಎರಡೂ ಕ್ಯಾಸೆಟ್‌ನಲ್ಲಿ ಹಾಗೇ ಇವೆ. ಸಮತಟ್ಟಿನಲ್ಲಿ ನಾವು ಕಳೆದುಕೊಳ್ಳೋದು ಏನೂ ಇಲ್ಲ. 38ರ ಮೇಲೆ ನಾವು ಹೋಗೋದು ಇಳಿಜಾರಿನಲ್ಲಿ. ಅಲ್ಲಿ 12 ಇಲ್ಲ, 14 ಇಲ್ಲ ಅಂತ ಯಾರ ಕಾಲೂ ಅಳೋದಿಲ್ಲ.

ಹಾಗಂತ 11-28 ಯಾರಿಗೂ ಬೇಡ ಅಂತ ನಾನು ಹೇಳೋದಿಲ್ಲ. ರೇಸ್ ಮಾಡುವವರಿಗೆ, ಗುಂಪಿನಲ್ಲಿ 40ರ ಮೇಲೆ ಓಡಿಸುವವರಿಗೆ ಆ 14 ಹಲ್ಲು ನಿಜವಾಗಿಯೂ ಬೇಕು. ರಾಯಚೂರು, ಬಳ್ಳಾರಿ ಕಡೆಯ ಸಮತಟ್ಟು ರಸ್ತೆಗಳಲ್ಲೇ ತುಳಿಯುವವರಿಗೆ ಹಳೆಯ 12-25 ಕೂಡ ತುಂಬಾ ಚೆಂದದ ಕ್ಯಾಸೆಟ್. ಅದರಲ್ಲಿ 12ರಿಂದ 19ರವರೆಗೆ ಒಂದೊಂದೇ ಹಲ್ಲು ಏರುತ್ತಾ ಹೋಗುತ್ತದೆ. ಎದುರುಗಾಳಿಯಲ್ಲಿ ಬೇಕಾದ ಲಯವನ್ನು ಬೆರಳ ತುದಿಯಲ್ಲಿ ಹುಡುಕಿಕೊಳ್ಳಬಹುದು, ಅದರ ಸುಖವೇ ಬೇರೆ. 11-32 ಮಾತ್ರ ನನಗೆ ಅಷ್ಟಾಗಿ ಹಿಡಿಸಿಲ್ಲ. ಅದು 11, 12, 13, 14, 16, 18, 20, 22, 25, 28, 32. ಹೆಚ್ಚು ಬಳಸುವ ಜಾಗದಲ್ಲಿ ಇದೂ ಎರಡೆರಡು ಹಲ್ಲು ಹಾರುತ್ತದೆ, ಚಿಕ್ಕ ತುದಿಯಲ್ಲಿ ಬಳಸದ ನಾಲ್ಕು ಚಕ್ರಗಳನ್ನು ಒಂದೊಂದೇ ಹಲ್ಲಿನಂತೆ ಜೋಡಿಸಿಟ್ಟಿದೆ. ಏರಿನ ಕಡೆ ಇನ್ನೆರಡು ಹಲ್ಲು ಸಿಗುವಾಗ ಇಲ್ಲಿ ಯಾಕೆ ನಿಲ್ಲಬೇಕು?

ತೂಕದ ವಿಚಾರ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಶಿಮಾನೋದ 105 ಸರಣಿಯ ಮಟ್ಟದ ಕ್ಯಾಸೆಟ್‌ಗಳಲ್ಲಿ 11-28ಕ್ಕಿಂತ 11-34 ನೂರು ಗ್ರಾಂನ ಆಸುಪಾಸು ಭಾರ. 85 ಕೆ.ಜಿ.ಯಲ್ಲಿ ಅದು ಒಂದು ಗಂಟೆಯ ಏರಿಗೆ ನಾಲ್ಕು ಸೆಕೆಂಡ್.

ಈಗ ಹಿಂದಿನ ಡಿರೇಲರ್. ಹೆಚ್ಚಿನವರು ಎಡವೋದು ಇಲ್ಲೇ, ಯಾಕಂದರೆ ಅಂಗಡಿಯಲ್ಲಿ ಇದನ್ನು ಬಿಡಿಸಿ ಹೇಳುವವರು ಕಮ್ಮಿ. ಕ್ಯಾಸೆಟ್ ಒಂದನ್ನೇ ಬದಲಿಸಿದರೆ ಕೆಲಸ ಮುಗಿಯೋದಿಲ್ಲ. ನನ್ನ ಅತ್ತಿಗೆಯ ವಿಷಯದಲ್ಲಿ ಆದದ್ದೇ ಅದು.

ಅತ್ತಿಗೆ ಐವತ್ತು ದಾಟಿದ ಮೇಲೆ ಸೈಕಲ್ ಹಿಡಿದವರು. ಯಾರೋ ಬಳಸಿದ ಒಳ್ಳೆಯ ರೋಡ್ ಬೈಕ್ ಕೊಂಡಿದ್ದರು, 105 ಆರ್7000, ಮುಂದೆ 50-34, ಹಿಂದೆ 11-28. ನಂದಿಯ ಅರ್ಧಕ್ಕೇ ಇಳಿದು ತಳ್ಳಬೇಕಾಯಿತು. ಹಗುರ ಗೇರ್ ಬೇಕು ಅಂತ ಒಂದು ಅಂಗಡಿಗೆ ಕೊಟ್ಟರು. ಅವರು 11-34 ಕ್ಯಾಸೆಟ್ ಹಾಕಿಕೊಟ್ಟರು. ಡಿರೇಲರ್ ಹಳೆಯದೇ, ಚೈನ್ ಹಳೆಯದೇ. ಮೇಲೆ ಹೋಗಿ ಬರುವಷ್ಟು ಹೊತ್ತು ಕಟಕಟ ಅಂತ ಸದ್ದು. ಒಂದು ದಿನ ಫ್ಲೈಓವರ್ ಏರುವಾಗ, ಮುಂದೆ ದೊಡ್ಡ ರಿಂಗ್‌ನಲ್ಲೇ ಇದ್ದುಕೊಂಡು ಹಿಂದೆ ದೊಡ್ಡ ಚಕ್ರಕ್ಕೆ ಗೇರ್ ಹಾಕಿದರು. ಚೈನ್ ಬಿಗಿದು ನಿಂತಿತು. ಡಿರೇಲರ್ ಮುಂದಕ್ಕೆ ಎಳೆದುಕೊಂಡು, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಮುರಿಯಿತು. ನಿಧಾನಕ್ಕೆ ಹೋಗುತ್ತಿದ್ದರಿಂದ ಬೀಳಲಿಲ್ಲ, ಪುಣ್ಯ. ಅದಕ್ಕಿಂತ ಬೇಜಾರಾದದ್ದು ಆಮೇಲೆ ಅಂಗಡಿಯಲ್ಲಿ ಹೇಳಿದ ಮಾತು: "ರೋಡ್ ಬೈಕಿಗೆ ಇಂಥ ಗೇರ್ ಸೂಟ್ ಆಗಲ್ಲ ಮೇಡಂ, ಹೈಬ್ರಿಡ್ ತಗೊಳ್ಳಿ." ಅವರು ಬಹಳ ದಿನ ಸೈಕಲ್ ಮುಟ್ಟಲಿಲ್ಲ.

ಆ ಮಾತು ಸುಳ್ಳು. ಸೂಟ್ ಆಗದಿದ್ದದ್ದು ಆ ಡಿರೇಲರ್. ಅದನ್ನು ಬಿಚ್ಚಿ ಕೈಯಲ್ಲಿ ಹಿಡಿದು, ಚೈನ್ ಹಾಯುವ ಎರಡು ಪುಲ್ಲಿಗಳನ್ನು ಹಿಡಿದಿರುವ ಕೇಜ್ ಅನ್ನು ಹೊರಳಿಸಿ ಒಳಬದಿಯ ಮಸಿ ಒರೆಸಿದರೆ ಅಕ್ಷರಗಳು ಕಾಣುತ್ತವೆ: ಆರ್‌ಡಿ-ಆರ್7000, ಪಕ್ಕದಲ್ಲಿ ಎಸ್‌ಎಸ್. ಈ ಎರಡು ಅಕ್ಷರದಲ್ಲೇ ಇಡೀ ಕಥೆ ಇದೆ. ಇದೇ ಡಿರೇಲರ್ ಎರಡು ಬಗೆಯಲ್ಲಿ ಬರುತ್ತದೆ. ಎಸ್‌ಎಸ್ ಅಂದರೆ ಚಿಕ್ಕ ಕೇಜ್, ಜಿಎಸ್ ಅಂದರೆ ಅದಕ್ಕಿಂತ ಉದ್ದದ್ದು. ಎಸ್‌ಎಸ್ ಹಿಡಿಯಬಲ್ಲ ಅತಿ ದೊಡ್ಡ ಚಕ್ರ 30 ಹಲ್ಲು, ಒಟ್ಟು ಕೆಪಾಸಿಟಿ 35. ಜಿಎಸ್‌ಗೆ 34 ಹಲ್ಲು, ಕೆಪಾಸಿಟಿ 39.

ಇವು ಎರಡು ಬೇರೆ ಬೇರೆ ಸಂಖ್ಯೆಗಳು. ಬಹಳ ಜನ ಒಂದೇ ಅಂದುಕೊಂಡಿದ್ದಾರೆ, ಅನುಭವ ಇರುವವರೂ ಕೂಡ. ಅತಿ ದೊಡ್ಡ ಚಕ್ರದ ಮಿತಿ ಡಿರೇಲರಿನ ದೇಹದ ರಚನೆಗೆ ಸಂಬಂಧಿಸಿದ್ದು. ಡಿರೇಲರಿನ ಮೇಲಿನ ಪುಲ್ಲಿ ಕ್ಯಾಸೆಟ್‌ನ ಕೆಳಗೆ ಓರೆಯಾಗಿ ಸರಿಯುತ್ತದೆ, ಚಕ್ರ ದೊಡ್ಡದಾದಂತೆ ಅದೂ ಕೆಳಗಿಳಿಯುತ್ತದೆ, ಹಲ್ಲಿಗೂ ಪುಲ್ಲಿಗೂ ಮಧ್ಯೆ ಅಂತರ ಒಂದೇ ಥರ ಉಳಿಯುತ್ತದೆ. ಈ ಓರೆ ಚೌಕಟ್ಟನ್ನು ಮೊದಲು ತಂದದ್ದು ಜಪಾನಿನ ಸನ್‌ಟೂರ್, 1964ರಲ್ಲಿ. ಅವರ ಪೇಟೆಂಟ್ ಮುಗಿದ ಮೇಲೆ ಉಳಿದವರೂ ಅದನ್ನೇ ಹಿಡಿದರು. ಶಿಮಾನೋ 1984ರಲ್ಲಿ ಡ್ಯೂರಾ-ಏಸ್ 7400 ಜೊತೆ ಟಕ್ ಟಕ್ ಅಂತ ಒಂದೊಂದೇ ಗೇರ್ ಬೀಳುವ ಇಂಡೆಕ್ಸ್ ಶಿಫ್ಟಿಂಗ್ ತಂದಾಗ ಅದರ ಕೆಳಗೆ ಇದ್ದದ್ದೂ ಈ ಓರೆ ಚೌಕಟ್ಟೇ. ಎಸ್‌ಎಸ್ ಓರೆಯಾಗಿರೋದು 30 ಹಲ್ಲಿನವರೆಗಿನ ಇಳಿಜಾರಿಗೆ. 34ರ ಕೆಳಗೆ ಬಂದಾಗ ಪುಲ್ಲಿಗೆ ಜಾಗ ಸಾಲದೆ ಹಲ್ಲಿಗೆ ಉಜ್ಜುತ್ತದೆ. ಅತ್ತಿಗೆ ಕೇಳಿದ ಕಟಕಟ ಸದ್ದು ಅದೇ.

ಕೆಪಾಸಿಟಿ ಅನ್ನೋದು ಕೇಜ್‌ನ ಉದ್ದಕ್ಕೆ ಸಂಬಂಧಿಸಿದ್ದು. ಸಡಿಲವಾದ ಚೈನನ್ನು ಡಿರೇಲರ್ ಎಷ್ಟು ಎಳೆದು ಹಿಡಿಯಬಲ್ಲದು ಅನ್ನುವ ಲೆಕ್ಕ. ಮುಂದಿನ ಎರಡು ರಿಂಗ್‌ಗಳ ವ್ಯತ್ಯಾಸಕ್ಕೆ ಕ್ಯಾಸೆಟ್‌ನ ದೊಡ್ಡ-ಚಿಕ್ಕ ಚಕ್ರಗಳ ವ್ಯತ್ಯಾಸ ಕೂಡಿಸಿದರೆ ಬೇಕಾದ ಸಂಖ್ಯೆ ಸಿಗುತ್ತದೆ. 50ರಲ್ಲಿ 34 ಕಳೆದರೆ 16. 34ರಲ್ಲಿ 11 ಕಳೆದರೆ 23. ಒಟ್ಟು 39. ಜಿಎಸ್‌ಗೆ ಕರೆಕ್ಟಾಗಿ ಹೊಂದುತ್ತದೆ, ಎಸ್‌ಎಸ್‌ಗೆ ನಾಲ್ಕು ಹಲ್ಲು ಮೀರುತ್ತದೆ. ಕೆಪಾಸಿಟಿ ಮೀರಿದ ಸೈಕಲ್ಲಿನಲ್ಲಿ ಚೈನ್ ಎರಡರಲ್ಲಿ ಒಂದು ಕಡೆ ತಪ್ಪೇ. ದೊಡ್ಡ-ದೊಡ್ಡ ಗೇರ್‌ಗೆ ಸಾಕಾಗುವಷ್ಟು ಉದ್ದ ಇಟ್ಟರೆ ಚಿಕ್ಕ-ಚಿಕ್ಕ ಗೇರ್‌ನಲ್ಲಿ ಜೋತುಬೀಳುತ್ತದೆ. ಚಿಕ್ಕ-ಚಿಕ್ಕಕ್ಕೆ ಸರಿಯಾಗಿ ಕತ್ತರಿಸಿದರೆ ದೊಡ್ಡ-ದೊಡ್ಡದರಲ್ಲಿ ಬಿಗಿದು ಏನಾದರೂ ಒಂದು ಮುರಿಯುತ್ತದೆ. ಜೋತುಬೀಳೋದು ಕಿರಿಕಿರಿ ಅಷ್ಟೇ. ಬಿಗಿಯೋದು ಅಪಾಯ. ದೊಡ್ಡ-ದೊಡ್ಡ ಗೇರ್ ಬಳಸಬಾರದು ಅಂತ ಎಲ್ಲರೂ ಹೇಳುತ್ತಾರೆ, ನಿಜ. ಆದರೆ ಸುಸ್ತಾದ ಮನುಷ್ಯನ ಬೆರಳು ಅದನ್ನು ಯಾವತ್ತಾದರೂ ಒಂದು ದಿನ ಒತ್ತೇ ಒತ್ತುತ್ತದೆ. ಚೈನಿನ ಉದ್ದ ಆ ದಿನಕ್ಕೂ ಸಾಲಬೇಕು.

ಹಾಗಾಗಿ ಜಿಎಸ್ ಡಿರೇಲರ್ ತರಿಸಿದೆವು. ಹ್ಯಾಂಗರ್ ಹೊಸದು, 116 ಕೊಂಡಿಯ ಹೊಸ ಚೈನ್ ಒಂದು. ಇಂಥ ಕೆಲಸದಲ್ಲಿ ನಾನು ಹೇಗೆ ಮಾಡುತ್ತೇನೆ ಅಂದರೆ, ಮೊದಲು ಚೈನನ್ನು ಡಿರೇಲರಿಗೆ ಪೋಣಿಸದೆ, ಮುಂದೆ ದೊಡ್ಡ ರಿಂಗ್ ಹಿಂದೆ ದೊಡ್ಡ ಚಕ್ರ ಸುತ್ತಿಸಿ ಅಳತೆ ನೋಡುತ್ತೇನೆ. ತುದಿಗಳು ಸೇರುವ ಜಾಗದಿಂದ ಎರಡು ಕೊಂಡಿ ಹೆಚ್ಚು ಬಿಟ್ಟು ಕತ್ತರಿಸಿ, ಆಮೇಲೆ ಡಿರೇಲರ್ ಮೂಲಕ ಹಾಯಿಸಿ ಜೋಡಿಸುತ್ತೇನೆ. ಮೋಟಾರ್ ಮೆಕ್ಯಾನಿಕ್ಕರ ಹಾಗೆ ಧೈರ್ಯದಿಂದ ತಿರುಗಿಸದೆ, ಪೆಡಲನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತಾ ದೊಡ್ಡ-ದೊಡ್ಡಕ್ಕೆ ತರಬೇಕು. ಕೇಜ್ ಮುಂದಕ್ಕೆ ಚಾಚಿದ್ದರೂ ಚೈನಿನಲ್ಲಿ ಎರಡು ಬಾಗು ಉಳಿದಿರಬೇಕು. ಇನ್ನು ಬಿ-ಸ್ಕ್ರೂ. ಹೆಚ್ಚಿನವರು ಮುಟ್ಟದೇ ಬಿಡುವ ಸ್ಕ್ರೂ ಅದು. ಚೈನ್ 34ರ ಮೇಲೆ ಇರುವಾಗ ಬಗ್ಗಿ, ಪಕ್ಕದಿಂದ ನೋಡುತ್ತಾ, ಮೇಲಿನ ಪುಲ್ಲಿ ಹಲ್ಲಿಗೆ ತಾಗದ ಹಾಗೆ, ತೀರಾ ದೂರವೂ ಹೋಗದ ಹಾಗೆ ಅದನ್ನು ತಿರುಗಿಸಬೇಕು. ದೂರ ಹೋದರೆ ಗೇರ್ ಬೀಳೋದು ತಡವಾಗುತ್ತದೆ. ಹತ್ತಿರವಾದರೆ ಗರಗರ ಅನ್ನುತ್ತದೆ. ಕೈಯಲ್ಲಿ ಪೆಡಲ್ ತಿರುಗಿಸುವಾಗ ಆ ಗರಗರ ನಿಲ್ಲುವ ಒಂದು ಬಿಂದು ಇದೆ, ಅಲ್ಲಿಂದ ಇನ್ನೊಂದು ಅರ್ಧ ಸುತ್ತು ಸಾಕು.

ಇನ್ನೊಂದು ಚಿಕ್ಕ ವಸ್ತು ಮರೆಯಬಾರದು. ಶಿಮಾನೋದ 11 ಸ್ಪೀಡ್ 11-34 ಕ್ಯಾಸೆಟ್‌ಗಳು ರೋಡ್ ಬೈಕಿನ 11 ಸ್ಪೀಡ್ ಹಬ್‌ಗೆ ಕೂರಬೇಕಾದರೆ ಹಿಂದೆ 1.85 ಮಿ.ಮೀ. ದಪ್ಪದ ಸ್ಪೇಸರ್ ಹಾಕಬೇಕು. ಅದು ಬಿಟ್ಟುಹೋದರೆ ಕ್ಯಾಸೆಟ್ ಅಲುಗಾಡುತ್ತದೆ, ಎಷ್ಟು ಬಿಗಿ ಮಾಡಿದರೂ ಅಲುಗಾಡುತ್ತದೆ. ಪೆಟ್ಟಿಗೆಯಲ್ಲೇ ಬಂದಿರುವ ಆ ಬಳೆಯನ್ನು ಪ್ಲಾಸ್ಟಿಕ್ ಜೊತೆ ಎಸೆಯಬೇಡಿ.

ಬೇರೆ ಬೇರೆ ಸರಣಿ ಬೆರೆಸುವವರಿಗೆ ಒಂದೆರಡು ಮಾತು. 8, 9, 10, 11 ಅಂತ ಸ್ಪೀಡ್ ಸಂಖ್ಯೆ ಹೊಂದಿದರೆ ಸಾಕು ಅನ್ನೋದು ಯಾವಾಗಲೂ ನಿಜವಲ್ಲ. ಶಿಫ್ಟರ್ ಒಂದು ಸಲ ಒತ್ತಿದಾಗ ಎಷ್ಟು ಕೇಬಲ್ ಎಳೆಯುತ್ತದೆ, ಅಷ್ಟು ಎಳೆದರೆ ಡಿರೇಲರ್ ಎಷ್ಟು ಸರಿಯುತ್ತದೆ, ಇವೆರಡೂ ಕೂಡಿ ಬರಬೇಕು. ಶಿಮಾನೋದ ಟಿಯಾಗ್ರ 4700 ಸರಣಿ ಹತ್ತು ಸ್ಪೀಡ್‌ನದೇ ಆದರೂ ಅದಕ್ಕಿಂತ ಹಳೆಯ ಹತ್ತು ಸ್ಪೀಡ್ ಡಿರೇಲರ್ ಜೊತೆ ಹೊಂದೋದಿಲ್ಲ, ಅದರ ಎಳೆತ 11 ಸ್ಪೀಡ್‌ಗಳ ಲೆಕ್ಕದ್ದು. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಇದೊಂದನ್ನು ಗಮನಿಸಿ. ಡಿರೇಲರ್ ಬದಲಿಸದೆ ಹ್ಯಾಂಗರ್ ಕೆಳಗೆ ಉದ್ದದ ತುಂಡು ಸೇರಿಸುವ ಉಪಾಯವೂ ಇದೆ. ಕೆಲವರಿಗೆ ಚೆನ್ನಾಗಿ ನಡೆಯುತ್ತದೆ. ಆದರೆ ಅದು ದೊಡ್ಡ ಚಕ್ರದ ಸಮಸ್ಯೆಯನ್ನು ಬಗೆಹರಿಸುತ್ತದೆಯೇ ಹೊರತು ಕೆಪಾಸಿಟಿ ಅಷ್ಟೇ ಇರುತ್ತದೆ. ಎಸ್‌ಎಸ್ ಮತ್ತು ಜಿಎಸ್‌ಗಳ ತೂಕದಲ್ಲಿ ಕೆಲವೇ ಗ್ರಾಂ ವ್ಯತ್ಯಾಸ ಇರುವಾಗ ಹೊಸದಾಗಿ ಕೊಳ್ಳುವವರು ಕಣ್ಣುಮುಚ್ಚಿ ಜಿಎಸ್ ತಗೊಳ್ಳಬಹುದು. ಇನ್ನೊಂದು ಸಂತೋಷದ ವಿಷಯ, ಹೊಸ 12 ಸ್ಪೀಡ್ 105 ಈ ಗೊಂದಲವನ್ನೇ ತೆಗೆದುಹಾಕಿದೆ. ಅದರ ಡಿರೇಲರ್ 36 ಹಲ್ಲಿನವರೆಗೂ ಹಿಡಿಯುತ್ತದೆ.

ಅತ್ತಿಗೆ ಈಗ ನಂದಿ ಹತ್ತುತ್ತಾರೆ. ಜೋರಾಗೇನಲ್ಲ. ಸೀಟಿನ ಮೇಲೆ ಕೂತೇ, ಒಂದೇ ಲಯದಲ್ಲಿ, ಪಕ್ಕದವರ ಜೊತೆ ಎರಡು ಮಾತಾಡುವಷ್ಟು ಉಸಿರು ಉಳಿಸಿಕೊಂಡು. ಅವರ ಶಕ್ತಿ ತಿಂಗಳೊಪ್ಪತ್ತಿನಲ್ಲಿ ಎರಡು ಪಟ್ಟೇನೂ ಆಗಲಿಲ್ಲ. ಮೊದಲೂ ಅವರಿಗೆ ಅಷ್ಟು ಶಕ್ತಿ ಇತ್ತು, ಅದನ್ನು ರಸ್ತೆಗೆ ತಲುಪಿಸುವ ಗೇರ್ ಇರಲಿಲ್ಲ. ಇದಕ್ಕೇ ನಾನು ಈ ವಿಷಯದಲ್ಲಿ ಇಷ್ಟು ಹಟ ಹಿಡಿದು ಮಾತಾಡೋದು. ವಯಸ್ಸಾದ ಮೇಲೆ ಶುರು ಮಾಡಿದವರು, ಕಾಯಿಲೆಯಿಂದ ಎದ್ದು ಬಂದವರು, ಮೈತೂಕ ಇಳಿಸಬೇಕು ಅಂತ ಸೈಕಲ್ ಕೊಂಡವರು, ಇವರಿಗೆಲ್ಲ ಅಂಗಡಿಯಲ್ಲಿ ಸಿಗೋದು ಇಪ್ಪತ್ತೈದು ವರ್ಷದ ರೇಸರ್‌ಗೆ ಲೆಕ್ಕ ಹಾಕಿದ ಗೇರ್. ಆಗದಿದ್ದಾಗ ಅವರು ಸೈಕಲ್ಲನ್ನು ಬೈಯೋದಿಲ್ಲ, ತಮ್ಮನ್ನೇ ಬೈದುಕೊಳ್ಳುತ್ತಾರೆ.

ದೂರ ಹೋಗುವವರಿಗೂ ಇದೇ ಮಾತು. 200 ಕಿ.ಮೀ. ಬ್ರೆವೆಗೆ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿಗೆ, ಕೊಡುವ ಸಮಯ ಹದಿಮೂರೂವರೆ ಗಂಟೆ, ಅಂದರೆ ನಿಲ್ಲೋದು, ತಿನ್ನೋದು ಎಲ್ಲ ಸೇರಿ ಗಂಟೆಗೆ 15 ಕಿ.ಮೀ.ಗಿಂತ ಚೂರು ಕಮ್ಮಿ. 600ಕ್ಕೆ 40 ಗಂಟೆ. ಇಷ್ಟು ಸಮಯದಲ್ಲಿ ಮುಗಿಸಲು ಯಾರಿಗೂ 50-11 ಬೇಕಾಗೋದಿಲ್ಲ. ರಾತ್ರಿ ಎರಡು ಗಂಟೆಗೆ, 300 ಕಿ.ಮೀ. ತುಳಿದ ಕಾಲಿಗೆ ಒಂದು ಸಾಧಾರಣ ದಿಬ್ಬವೂ ನಂದಿಯೇ. ಅಲ್ಲಿ ಉಳಿಸುವುದು ಕ್ಯಾಸೆಟ್‌ನ ದೊಡ್ಡ ತುದಿ.

ಅತ್ತಿಗೆಯ ಕಣ್ಣು ಈಗ ಕಲ್ಹತ್ತಿ ಮೇಲೆ. ಮಸಿನಗುಡಿಯಿಂದ ಊಟಿಗೆ ಹತ್ತುವ, 36 ತಿರುವಿನ ಆ ರಸ್ತೆ. 2008ರಿಂದ ನಡೆಯುತ್ತಿರುವ ಟೂರ್ ಆಫ್ ನೀಲ್‌ಗಿರೀಸ್‌ನ ಸವಾರರು ಭಯಭಕ್ತಿಯಿಂದ ಮಾತಾಡುವ ಏರು. ಅಲ್ಲಿ 34-34 ಕೂಡ ಸಾಲದು ಅಂತ ನನಗನ್ನಿಸುತ್ತದೆ, ಅವರಿಗೂ ಅನ್ನಿಸಿದೆ. ಹಾಗಾಗಿ ಈಗ ನಮ್ಮ ಚರ್ಚೆ ಮುಂದಿನ ರಿಂಗ್‌ಗಳಿಗೆ ಬಂದಿದೆ. 46-30 ಹಾಕಿದರೆ ಅತಿ ಹಗುರ ಗೇರ್‌ನಲ್ಲಿ ಒಂದು ತುಳಿತಕ್ಕೆ 1.85 ಮೀಟರ್, ನಿಮಿಷಕ್ಕೆ 60 ಸುತ್ತಿನಲ್ಲಿ ಗಂಟೆಗೆ 6.7 ಕಿ.ಮೀ. ಅತಿ ಭಾರದ ಗೇರ್ 46-11ಕ್ಕೆ 90 ಸುತ್ತಿನಲ್ಲಿ 47 ಕಿ.ಮೀ. ಇನ್ನೂ ಇದೆ, ಅದಕ್ಕಿಂತ ಜೋರಾಗಿ ಹೋಗುವ ಆಸೆ ಅವರಿಗಿಲ್ಲ. ಕೆಪಾಸಿಟಿ ಲೆಕ್ಕವೂ ಹಾಕಿದೆವು: 16ಕ್ಕೆ 23 ಕೂಡಿಸಿದರೆ ಮತ್ತೆ 39, ಹಿಂದಿನ ಡಿರೇಲರ್ ಮುಟ್ಟಬೇಕಾಗಿಲ್ಲ. ತೊಡಕಿರೋದು ಮುಂದಿನ ಡಿರೇಲರಿನಲ್ಲಿ. 46-30 ಸಿಗೋದು ಶಿಮಾನೋದ ಗ್ರಾವೆಲ್ (ಕಚ್ಚಾರಸ್ತೆ) ಸೈಕಲ್ಲುಗಳ ಸರಣಿ ಜಿಆರ್‌ಎಕ್ಸ್‌ನಲ್ಲಿ; ಆ ಕ್ರ್ಯಾಂಕ್‌ನ ಚೈನ್‌ಲೈನ್, ಅಂದರೆ ಮುಂದೆ ಚೈನ್ ಓಡುವ ಗೆರೆ, ರೋಡ್ ಕ್ರ್ಯಾಂಕ್‌ಗಿಂತ 2.5 ಮಿ.ಮೀ. ಹೊರಗೆ ಇರುತ್ತದೆ, ಅದಕ್ಕೆ ಜಿಆರ್‌ಎಕ್ಸ್‌ನ ಮುಂದಿನ ಡಿರೇಲರೇ ಬೇಕು. ಎರಡರ ಬೆಲೆಯನ್ನೂ ವಿಚಾರಿಸುತ್ತಿದ್ದೇವೆ.